ಪಂಚೆಯ ಹಿಂದಿನ ಸ್ಪೀಕರು

ಮೈಸೂರಿನ ಸರಸ್ವತಿಪುರಂನ ಆ ಮನೆಗೆ ಸುಣ್ಣಬಣ್ಣ ಆಗಿ ಹನ್ನೊಂದು ವರ್ಷವಾಗಿತ್ತು. ಹಾಗಾಗಿ 2022ರಲ್ಲಿ ಮೇಷ್ಟ್ರು ನಿವೃತ್ತರಾಗಿ ಕೈಗೆ ನಾಲ್ಕು ಕಾಸು ಬಂದಾಗ ಮೊದಲ ಖರ್ಚು ಯಾವುದೆಂಬ ಬಗ್ಗೆ ಮನೆಯಾಕೆಗೆ ಅನುಮಾನವೇ ಇರಲಿಲ್ಲ. ಅನುಮಾನ ಹುಟ್ಟಿದ್ದು, ಒಂದು ರಾತ್ರಿ ಊಟದ ಕೊನೆಯಲ್ಲಿ ಮೇಷ್ಟ್ರು ಮಜ್ಜಿಗೆಗೆ ಕೈ ಚಾಚುತ್ತ, "ಒಂದು ಜೊತೆ ಒಳ್ಳೆ ಸ್ಪೀಕರ್ ತಗೋಬೇಕು ಅಂತಿದೀನಿ" ಎಂದಾಗ. ಎಷ್ಟಾಗುತ್ತದೆ ಎಂದು ಆಕೆ ಕೇಳಿದ್ದಕ್ಕೆ ಅವರು ಮಜ್ಜಿಗೆ ಕುಡಿದು ಮುಗಿಸುವವರೆಗೂ ಉತ್ತರ ಕೊಡಲಿಲ್ಲ. ಮೂವತ್ತಾರು ವರ್ಷ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮನುಷ್ಯ ಒಂದು ಸಂಖ್ಯೆಯನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾನೆಂದರೆ ಅದು ಸಣ್ಣ ಸಂಖ್ಯೆಯಾಗಿರಲಾರದು ಎಂದು ಆಕೆಗೆ ಅಲ್ಲಿಗೇ ಅರ್ಥವಾಯಿತು.

ಈ ಆಸೆಗೊಂದು ಹಿನ್ನೆಲೆಯಿದೆ. 1984ರಲ್ಲಿ ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದಾಗ ಮೇಷ್ಟ್ರು ಮಲ್ಲಿಕಾರ್ಜುನ ಮನ್ಸೂರರ ಕಛೇರಿಯೊಂದನ್ನು ಮೂರನೆಯ ಸಾಲಿನಲ್ಲಿ ಕುಳಿತು ಕೇಳಿದ್ದರು. ರಾಗದ ಹೆಸರು ಕೂಡ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟೇ: ಎರಡು ತಂಬೂರಿಗಳ ನಾದ ಮಳೆಗಾಲದ ಬೆಳಗಿನ ಮಂಜಿನ ಹಾಗೆ ಆವರಿಸಿಕೊಂಡಿತ್ತು, ಅದರೊಳಗಿಂದ ಆ ಮುದುಕರ ದನಿ ದಾರಿ ಮಾಡಿಕೊಂಡು ಬರುತ್ತಿತ್ತು. ಮನ್ಸೂರರು 1992ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಮೇಷ್ಟ್ರು ಸಂಬಳದ ಬಾಕಿ ಬಂದಾಗಲೆಲ್ಲ ಒಂದೊಂದು ಎಲ್‌ಪಿ ಕೊಂಡು ಕೂಡಿಟ್ಟಿದ್ದರು. ನುಡಿಸುವುದಕ್ಕೆ ಇದ್ದದ್ದು 1988ರ ಒಂದು ರೆಕಾರ್ಡ್ ಪ್ಲೇಯರು, ಅದರ ಜೊತೆಗೆ ಬಂದ ಎರಡು ಪೆಟ್ಟಿಗೆ. ಒಂದರ ಕಾಗದದ ಕೋನನ್ನು ಇಲಿ ಕಡಿದು, ಮೇಷ್ಟ್ರೇ ಅದಕ್ಕೆ ಫೆವಿಕಾಲ್ ಹಚ್ಚಿ ತೇಪೆ ಹಾಕಿದ್ದರು. ಆ ಮೂರನೆಯ ಸಾಲು ಎಲ್‌ಪಿಯ ಗೆರೆಗಳ ಒಳಗೇ ಎಲ್ಲೋ ಕೂತಿದೆ, ಸರಿಯಾದ ಪೆಟ್ಟಿಗೆ ಸಿಕ್ಕರೆ ಹೊರಗೆ ಬರುತ್ತದೆ ಎಂಬ ನಂಬಿಕೆಯಲ್ಲೇ ಅವರು ಅಷ್ಟು ವರ್ಷ ಕಳೆದಿದ್ದರು.

ಮಗಳು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮೂರನೇ ವರ್ಷ. ಸ್ಪೀಕರ್ ಎಂದ ಕೂಡಲೇ ಅವಳು ಅಪ್ಪನ ಪಕ್ಷ. ಅಮ್ಮ ಒಬ್ಬಂಟಿಯಾದಳು.

ಮೊದಲ ಒಂದು ತಿಂಗಳು ಮೇಷ್ಟ್ರು ಕಂಪನಿಗಳ ಕರಪತ್ರಗಳನ್ನು, ಪತ್ರಿಕೆಗಳ ವಿಮರ್ಶೆಗಳನ್ನು ತಂದು ಹಾಲ್ ಟಿಕೆಟ್ ಜೋಡಿಸಿದ ಹಾಗೆ ಜೋಡಿಸಿ ಓದಿದರು. ಅವುಗಳಲ್ಲಿ ಎರಡು ಭಾಷೆಗಳಿದ್ದವು. ಒಂದು ಅಂಕಿಗಳ ಭಾಷೆ. 20 ಹರ್ಟ್ಸ್‌ನಿಂದ 20,000 ಹರ್ಟ್ಸ್, ವಿಕೃತಿ ಶೇಕಡಾ 0.01, ಎಷ್ಟು ವ್ಯಾಟ್, ಎಷ್ಟು ಓಮ್. ಇದು ಮೇಷ್ಟ್ರಿಗೆ ಪ್ರಿಯವಾಯಿತು. ಇನ್ನೊಂದು ಭಾಷೆ ಅಡುಗೆಮನೆಯದೋ ಸೀರೆ ಅಂಗಡಿಯದೋ ಹೇಳುವುದು ಕಷ್ಟ. ಈ ಸ್ಪೀಕರಿನ ದನಿ ಬೆಚ್ಚಗಿದೆ, ಅದರದು ರೇಷ್ಮೆ, ಇನ್ನೊಂದರದು ಸ್ವಲ್ಪ ಒಣಕಲು, ಮತ್ತೊಂದರಲ್ಲಿ ವಾದ್ಯಗಳ ಸುತ್ತ ಗಾಳಿಯಿದೆ. "ಗಾಳಿ ಇದ್ಯಂತೆ! ಸ್ಪೀಕರೋ ಟೈರೋ?" ಎಂದು ಮೇಷ್ಟ್ರು ನಕ್ಕರು. ಮನೆಯಲ್ಲಿ ಒಂದು ವಾರ 'ಗಾಳಿ' ಎಂಬುದೇ ತಮಾಷೆಯಾಯಿತು. ಸಾರು ಹೇಗಿದೆ ಎಂದರೆ ಬೆಚ್ಚಗಿದೆ, ಆದರೆ ಗಾಳಿ ಸಾಲದು.

ಬೆಂಗಳೂರಿಗೆ ಅಂಗಡಿ ನೋಡಲು ಹೊರಟ ದಿನ ರೈಲಿನಲ್ಲಿ ಮಗಳು ಅಮರ್ ಬೋಸ್ ಕಥೆ ಹೇಳಿದಳು. ಅಪ್ಪನ ಅಂಕಿಯ ಹುಚ್ಚನ್ನು ಸ್ವಲ್ಪ ಇಳಿಸುವುದು ಅವಳ ಉದ್ದೇಶ.

ಅಮರ್ ಗೋಪಾಲ್ ಬೋಸ್ ಹುಟ್ಟಿದ್ದು 1929ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ತಂದೆ ಬ್ರಿಟಿಷರ ಕಣ್ಣು ತಪ್ಪಿಸಿ ಬಂಗಾಳದಿಂದ ಹಡಗು ಹತ್ತಿದ ಕ್ರಾಂತಿಕಾರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಡುಗ ರೇಡಿಯೋ ರಿಪೇರಿ ಮಾಡಿ ಮನೆ ಖರ್ಚಿಗೆ ನೆರವಾದ. ಚಿಕ್ಕಂದಿನಲ್ಲಿ ಪಿಟೀಲು ಕಲಿತಿದ್ದ. ಮುಂದೆ ಎಂಐಟಿಯಲ್ಲಿ ಡಾಕ್ಟರೇಟು ಮುಗಿಸುವ ಹೊತ್ತಿಗೆ, 1956ರಲ್ಲಿ, ತನಗೆ ತಾನೇ ಒಂದು ಬಹುಮಾನವೆಂದು ಒಳ್ಳೆಯ ಸಂಗೀತದ ಸೆಟ್ಟೊಂದನ್ನು ಕೊಂಡರು. ಇಂಜಿನಿಯರಲ್ಲವೇ, ಕಿವಿಗೊಟ್ಟು ಕೇಳಿ ಕೊಳ್ಳಲಿಲ್ಲ. ಅಂಕಿ ಓದಿ ಕೊಂಡರು. ಕಾಗದದ ಮೇಲೆ ಎಲ್ಲವೂ ಉತ್ತಮ. ಮನೆಗೆ ತಂದು ಪಿಟೀಲಿನ ರೆಕಾರ್ಡು ಹಾಕಿದರೆ ಅದು ತಾನು ಬಲ್ಲ ಪಿಟೀಲಿನ ಹಾಗೆ ಕೇಳಿಸಲೇ ಇಲ್ಲ. ಅಂಕಿ ಸರಿಯಿದ್ದೂ ಕಿವಿ ಏಕೆ ಒಪ್ಪುತ್ತಿಲ್ಲ ಎಂದು ಹುಡುಕುತ್ತ ಹೊರಟ ಬೋಸರು 1964ರಲ್ಲಿ ತಮ್ಮದೇ ಕಂಪನಿ ಕಟ್ಟಿದರು. 1968ರಲ್ಲಿ 901 ಎಂಬ ಸ್ಪೀಕರು ತಂದರು. ಒಂದು ಪೆಟ್ಟಿಗೆಯಲ್ಲಿ ಒಂಬತ್ತು ಪುಟ್ಟ ಸ್ಪೀಕರುಗಳು, ಅವುಗಳಲ್ಲಿ ಎಂಟು ಗೋಡೆಯ ಕಡೆಗೆ ಮುಖ ಮಾಡಿದವು. ಸಭಾಂಗಣದಲ್ಲಿ ನಮ್ಮ ಕಿವಿಗೆ ಬೀಳುವ ನಾದದ ಹೆಚ್ಚು ಪಾಲು ಗೋಡೆ, ಸೂರುಗಳಿಗೆ ತಾಗಿ ಬರುವಂಥದು ಎಂಬುದು ಅವರ ತರ್ಕ.

"ನೋಡಿದ್ಯಾ, ಅಂಕಿ ಬಿಟ್ಟು ಕಿವಿ ಹಿಡಿದ" ಎಂದರು ಮೇಷ್ಟ್ರು.

"ಇನ್ನೂ ಇದೆ ಕೇಳಪ್ಪ" ಎಂದಳು ಮಗಳು.

1970ರಲ್ಲಿ ಅಮೆರಿಕದ ಗ್ರಾಹಕರ ಪತ್ರಿಕೆ 'ಕನ್ಸ್ಯೂಮರ್ ರಿಪೋರ್ಟ್ಸ್' ಈ ಸ್ಪೀಕರನ್ನು ಪರೀಕ್ಷಿಸಿತು. ಇದರಲ್ಲಿ ವಾದ್ಯಗಳು ಬೃಹದಾಕಾರವಾಗಿ ಬೆಳೆದು ಕೋಣೆಯ ತುಂಬ ಅಲೆದಾಡುವಂತೆ ಕೇಳಿಸುತ್ತವೆ ಎಂಬರ್ಥದಲ್ಲಿ ಬರೆಯಿತು. ಬೋಸ್ ಕಂಪನಿ ಮೊಕದ್ದಮೆ ಹೂಡಿತು. ಕೋರ್ಟಿನಲ್ಲಿ ಪರೀಕ್ಷೆ ಮಾಡಿದ ಇಂಜಿನಿಯರು ಕೊಟ್ಟ ವಿವರಣೆಯ ಪ್ರಕಾರ ನಾದ ಅಲೆದಾಡಿದ್ದು ಕೋಣೆಯ ತುಂಬ ಅಲ್ಲ, ಎರಡು ಪೆಟ್ಟಿಗೆಗಳ ನಡುವೆ ಗೋಡೆಯುದ್ದಕ್ಕೆ. ಕೆಳಗಿನ ಕೋರ್ಟು ಕಂಪನಿಯ ಪರವಾಗಿ ತೀರ್ಪಿತ್ತು ಒಂದು ಲಕ್ಷ ಡಾಲರಿಗೂ ಮೀರಿದ ಪರಿಹಾರ ವಿಧಿಸಿತು. ಮೇಲಿನ ಕೋರ್ಟು ಅದನ್ನು ತಿರುಗಿಸಿತು. ಕೊನೆಗೆ 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಆರು ನ್ಯಾಯಮೂರ್ತಿಗಳು ಆ ಕಡೆ ಮೂವರು ಈ ಕಡೆ ಆಗಿ, ಪತ್ರಿಕೆಯನ್ನು ಬಿಟ್ಟುಬಿಟ್ಟಿತು. ಕೇಳಿಸಿದ್ದನ್ನು ಮಾತಿನಲ್ಲಿ ಹಿಡಿಯಲು ಹೋಗಿ ಪದ ತಪ್ಪಿರಬಹುದು, ಅಷ್ಟರಿಂದಲೇ ಬೇಕೆಂದು ಸುಳ್ಳು ಬರೆದರು ಎನ್ನಲಾಗದು ಎಂಬುದು ತೀರ್ಪಿನ ತಿರುಳು. ಒಂದು ಪಿಟೀಲು ಗೋಡೆಯ ಗುಂಟ ಹೋಯಿತೋ ಕೋಣೆಯ ತುಂಬ ಹೋಯಿತೋ ಎಂಬುದಕ್ಕೆ ಹದಿನಾಲ್ಕು ವರ್ಷ! ಅಂಕಿಯನ್ನು ನಂಬಿ ಕೆಟ್ಟೆ ಎಂದು ಹೊರಟವರು ಕೊನೆಗೆ ಪದದ ಜೊತೆ ಜಗಳವಾಡಬೇಕಾಯಿತು.

ಮೇಷ್ಟ್ರು ಕಿಟಕಿಯಾಚೆ ನೋಡುತ್ತ, "1984" ಎಂದರು. ಅವರಿಗೆ ಧಾರವಾಡ ನೆನಪಾಗಿತ್ತು.

ಅಂಗಡಿಯ ಕೇಳುವ ಕೋಣೆಯೇ ಒಂದು ಗರ್ಭಗುಡಿ. ಚಪ್ಪಲಿ ಹೊರಗೆ, ನೆಲಕ್ಕೆ ದಪ್ಪ ಜಮಖಾನೆ, ಮಂದ ದೀಪ, ನಡುವೆ ಒಂದೇ ಒಂದು ಕುರ್ಚಿ. ಅಂಗಡಿಯ ಯುವಕ ಬಲು ವಿನಯವಂತ. ಮೊದಲು 85 ಸಾವಿರದ ಜೋಡಿ, ಆಮೇಲೆ ಮೂರೂವರೆ ಲಕ್ಷದ ಜೋಡಿ ಕೇಳಿಸಿದ. ನುಡಿಸಿದ್ದು ಯಾವುದೋ ವಿದೇಶಿ ಗಿಟಾರು, ಜೊತೆಗೆ ಕಿವಿಯ ಬಳಿ ಬಂದು ಪಿಸುಗುಟ್ಟುವ ಗಾಯಕಿ. ಇಂಥ ರೆಕಾರ್ಡು ಎಲ್ಲ ಅಂಗಡಿಯಲ್ಲೂ ಇರುತ್ತದೆ, ಅದು ಬಕೆಟ್ಟಿನಲ್ಲಿ ಹಾಕಿದರೂ ಚೆನ್ನಾಗಿಯೇ ಕೇಳಿಸುತ್ತದೆ. ಎರಡನೆಯ ಜೋಡಿ ದನಿ ತೆಗೆದ ಕೂಡಲೇ ಮೇಷ್ಟ್ರ ಮುಖ ಅರಳಿತು. ಮಗಳು ಮಾತ್ರ ಮೊಬೈಲಿನಲ್ಲಿ ದನಿಯ ಮಟ್ಟ ಅಳೆಯುವ ಆ್ಯಪು ತೆರೆದುಕೊಂಡು ಕೂತಿದ್ದಳು. ಎರಡನೆಯದು ನಾಲ್ಕು ಡೆಸಿಬೆಲ್ ಜೋರಾಗಿತ್ತು.

ಇದರಲ್ಲಿ ಯುವಕನ ಮೋಸವೇನೂ ಇಲ್ಲ. ಒಂದೇ ಮಟ್ಟದ ವಿದ್ಯುತ್ತಿಗೆ ಕೆಲವು ಸ್ಪೀಕರು ಹೆಚ್ಚು ಕೂಗುತ್ತವೆ, ಕೆಲವು ಕಡಿಮೆ. ಗುಂಡಿ ಮುಟ್ಟದೆ ಬರಿದೇ ಬದಲಿಸಿದರೆ ಒಂದು ಜೋರಾಗುತ್ತದೆ, ಅಷ್ಟೇ. ಆದರೆ ಕಿವಿಗೆ ಜೋರು ಎಂದರೆ ಬರೀ ಜೋರಲ್ಲ. 1933ರಲ್ಲೇ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ತೋರಿಸಿಕೊಟ್ಟ ಹಾಗೆ, ದನಿ ಸಣ್ಣದಾದಾಗ ಕಿವಿ ತಗ್ಗಿನ ಸ್ವರಗಳನ್ನು ಮೊದಲು ಬಿಟ್ಟುಕೊಡುತ್ತದೆ. ದನಿ ಏರಿಸಿದರೆ ಅವು ಮರಳಿ ಬರುತ್ತವೆ, ಸಂಗೀತ ತುಂಬಿಕೊಂಡಂತೆ ಅನ್ನಿಸುತ್ತದೆ. ವ್ಯತ್ಯಾಸ ತೀರಾ ಸಣ್ಣದಿದ್ದರಂತೂ ಜೋರಾಯಿತು ಎಂದು ತಿಳಿಯುವುದೇ ಇಲ್ಲ, ಚೆನ್ನಾಗಿದೆ ಎಂದಷ್ಟೇ ತಿಳಿಯುತ್ತದೆ. ಮೈಸೂರಿನವರಿಗೆ ಇದು ಹೊಸ ಮಾತೇನಲ್ಲ. ಮೈಕು ಇಲ್ಲದ ಸಭೆಗಳಲ್ಲಿ ಪಿಟೀಲು ಕೊನೆಯ ಸಾಲಿಗೆ ಮುಟ್ಟಲೆಂದೇ ಚೌಡಯ್ಯನವರು ನಾಲ್ಕು ತಂತಿಗೆ ಮತ್ತೆ ಮೂರು ಸೇರಿಸಿ ಏಳು ಮಾಡಿಕೊಂಡಿದ್ದು.

ಗುಂಡಿ ಸರಿಪಡಿಸಿ ಮತ್ತೆ ಕೇಳಿಸಲು ಮಗಳು ಹೇಳಿದಳು. ಮೇಷ್ಟ್ರ ಮುಖದ ಅರಳು ಸ್ವಲ್ಪ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಯುವಕ ಜಾಣ. "ಸಾರ್, ಇಲ್ಲಿ ಕೇಳಿ ನಿರ್ಧಾರ ಮಾಡಬೇಡಿ. ಠೇವಣಿ ಇಟ್ಟು ಎರಡೂ ಜೋಡಿ ಮನೆಗೆ ತಗೊಂಡು ಹೋಗಿ, ಐದು ದಿನ ಇಟ್ಟುಕೊಳ್ಳಿ" ಎಂದ. ಹೊರಡುವಾಗ, ಕೇಬಲ್ಲು ಬೇಕೇ, ನಲವತ್ತು ಸಾವಿರದಿಂದ ಶುರು, ಎಂದೂ ಕೇಳಿದ. ಮಗಳು ತಂತಿ ಮನೆಯಲ್ಲೇ ಇದೆ ಎಂದಳು.

ಹೀಗೆ ನಾಲ್ಕು ಪೆಟ್ಟಿಗೆಗಳು ಕಾರಿನಲ್ಲಿ ಸರಸ್ವತಿಪುರಂಗೆ ಬಂದವು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಬಣ್ಣವಿಲ್ಲದ ಗೋಡೆಯ ಮುಂದೆ ಆ ಮೂರೂವರೆ ಲಕ್ಷದ ಜೋಡಿ, ಬಾಡಿಗೆ ಮನೆಗೆ ಬಂದ ಬೀಗರ ಹಾಗೆ ನಿಂತಿತ್ತು. ಮರ ಮಾತ್ರ ನಿಜಕ್ಕೂ ಚೆಂದ.

ಮೊದಲ ಸಂಜೆ ಎಲ್ಲರೂ ಕಣ್ಣು ಬಿಟ್ಟುಕೊಂಡೇ ಕೇಳಿದರು. ಮನ್ಸೂರರ ಎಲ್‌ಪಿ. ದುಬಾರಿಯದು ಸ್ವರ್ಗ ಎಂದು ಮೂವರೂ ಒಪ್ಪಿದರು, ಅಮ್ಮ ಕೂಡ. ಅಡ್ಡಿಯಾದದ್ದು ಒಂದೇ. ತಂಬೂರಿಯ ಮಂದ್ರ ಷಡ್ಜ ಬಂದಾಗಲೆಲ್ಲ ಒಳಕೋಣೆಯ ಗಾದ್ರೆಜ್ ಬೀರು ತಾನೂ ಗುಂಯ್ ಎನ್ನುತ್ತಿತ್ತು. ಇದೂ ಪರೀಕ್ಷೆಯ ಭಾಗವೇ. ತಗ್ಗಿನ ಸ್ವರಗಳನ್ನು ಅರ್ಧ ಸ್ಪೀಕರು ಹಾಡಿದರೆ ಇನ್ನರ್ಧ ಕೋಣೆ ಹಾಡುತ್ತದೆ. ಪೆಟ್ಟಿಗೆ ಗೋಡೆಗೆ ಹತ್ತಿದರೆ ತಗ್ಗು ಊದಿಕೊಳ್ಳುತ್ತದೆ, ಮೂಲೆಗೆ ಸೇರಿದರೆ ಇನ್ನೂ. ಮೊಸಾಯಿಕ್ ನೆಲ, ಬರಿಯ ಗೋಡೆಯ ಹಜಾರದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ನಾಲ್ಕು ಸಲ ತಿರುಗಿ ಬರುತ್ತದೆ. ಮಗಳು ಪೆಟ್ಟಿಗೆಗಳನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದು, ನೆಲಕ್ಕೆ ಜಮಖಾನೆ ಹಾಸಿ, ಬೀರುವಿನ ಬಾಗಿಲಿಗೆ ಮಡಿಸಿದ ಪೇಪರು ಸಿಕ್ಕಿಸಿದಳು. ಕಾಸು ಖರ್ಚಿಲ್ಲದ ಈ ಕೆಲಸದಿಂದ ಆದಷ್ಟು ಬದಲಾವಣೆ ಪೆಟ್ಟಿಗೆ ಬದಲಿಸಿದ್ದರಿಂದ ಆಗಿರಲಿಲ್ಲ. ಆದರೆ ಅದನ್ನು ಯಾರೂ ಆಗ ಒತ್ತಿ ಹೇಳಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಕಾಫಿ ಹೊತ್ತಿಗೆ ಮಗಳು ಕೇಳಿದಳು. "ಅಪ್ಪ, ಎಸ್ಸೆಸ್ಸೆಲ್ಸಿ ಪೇಪರ್ ನೋಡುವಾಗ ಹುಡುಗನ ಹೆಸರು, ಸ್ಕೂಲಿನ ಹೆಸರು ನಿಮಗೆ ಗೊತ್ತಾಗ್ತಿತ್ತಾ?"

"ಛೆ, ಗೊತ್ತಾಗಕೂಡದು."

"ಗೊತ್ತಾದ್ರೆ ಏನು? ನೀವು ಪ್ರಾಮಾಣಿಕರು ತಾನೆ?"

"ಪ್ರಾಮಾಣಿಕತೆ ಪ್ರಶ್ನೆ ಅಲ್ಲ ಅದು. ದೊಡ್ಡ ಸ್ಕೂಲು ಅಂತ ಗೊತ್ತಾದ್ರೆ ಕೈ ತಾನೇ ಅರ್ಧ ಮಾರ್ಕು ಜಾಸ್ತಿ..." ಎಂದವರು ಅಲ್ಲಿಗೆ ನಿಲ್ಲಿಸಿದರು. ಮಗಳು ಎಲ್ಲಿಗೆ ಬರುತ್ತಿದ್ದಾಳೆಂದು ಗೊತ್ತಾಗಿತ್ತು. ಲೆಕ್ಕದ ಮೇಷ್ಟ್ರು, ಇಲ್ಲವೆನ್ನುವ ಹಾಗಿರಲಿಲ್ಲ.

ಇದನ್ನೇ 1994ರಲ್ಲಿ ಅಮೆರಿಕದ ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಎಂಬುವವರು ಮಾಡಿ ನೋಡಿದರು. ನಾಲ್ಕು ಸ್ಪೀಕರುಗಳು, ಕೇಳುವವರು ಅದೇ ಕಂಪನಿಯ ನಲವತ್ತು ಜನ. ಒಮ್ಮೆ ಕಣ್ಣಿಗೆ ಕಾಣುವಂತೆ, ಒಮ್ಮೆ ಪರದೆಯ ಹಿಂದೆ. ಕಂಡಾಗ ದೊಡ್ಡ, ದುಬಾರಿ ಪೆಟ್ಟಿಗೆಗಳ ಅಂಕ ಮೇಲಕ್ಕೆ ಹೋಯಿತು, ಚಿಕ್ಕ ಅಗ್ಗದ್ದರ ಅಂಕ ಕೆಳಕ್ಕೆ ಬಂತು. ಪರದೆ ಬಿದ್ದಾಗ ಅಂತರ ಕುಗ್ಗಿತು. ಕಿವಿ ಅದೇ, ಪೆಟ್ಟಿಗೆ ಅದೇ, ಹಾಡೂ ಅದೇ. ಹೀಗೆ ಕೇಳಿದವರು ಅರಿಯದ ಮಂದಿಯಲ್ಲ, ಸ್ಪೀಕರು ಮಾಡಿ ಅನ್ನ ತಿನ್ನುವವರು ಎಂಬುದನ್ನು ಗಮನಿಸಬೇಕು.

ಬರೀ ದೀಪ ಆರಿಸಿದರೆ ಸಾಲದೇ ಎಂದಳು ಅಮ್ಮ. ಸಾಲದು. 1915ರಿಂದ ಹಲವು ವರ್ಷ ಎಡಿಸನ್ನನ ಕಂಪನಿ ಅಮೆರಿಕದ ಊರೂರುಗಳಲ್ಲಿ ದೀಪ ಆರಿಸಿ ಪ್ರದರ್ಶನ ನಡೆಸಿತ್ತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಫೋನೋಗ್ರಾಫು. ಕತ್ತಲಲ್ಲಿ ಹಾಡಿದ್ದು ಯಾವುದೆಂದು ಜನಕ್ಕೆ ತಿಳಿಯದೆ ಬೆರಗಾದರೆಂದು ಪತ್ರಿಕೆಗಳೆಲ್ಲ ಬರೆದವು. ಆ ಗಾಯಕಿಯರಲ್ಲಿ ಒಬ್ಬರಾದ ಆನಾ ಕೇಸ್ ಎಷ್ಟೋ ವರ್ಷಗಳ ಮೇಲೆ ಗುಟ್ಟು ಬಿಟ್ಟುಕೊಟ್ಟರು. ಯಂತ್ರ ತಮ್ಮ ಹಾಗೆ ಹಾಡಿರಲಿಲ್ಲ, ತಾವೇ ಯಂತ್ರದ ಹಾಗೆ ಹಾಡಿದ್ದರು.

ಆದ್ದರಿಂದ ಏರ್ಪಾಡು ಬಿಗಿಯಾಯಿತು. ಮೊದಲು ಬೆಡ್‌ಶೀಟು ಕಟ್ಟಿದರು, ಅದು ದಪ್ಪವಾಯಿತು. ಊದಿದರೆ ಉಸಿರು ಆ ಕಡೆಗೆ ದಾಟುವ ಬಟ್ಟೆಯಾದರೆ ದನಿಯೂ ದಾಟುತ್ತದೆ. ಮೇಷ್ಟ್ರ ಎರಡು ಹಳೆಯ ಪಂಚೆಗಳೇ ಸರಿ ಎಂದಾಯಿತು. ಆ್ಯಂಪ್ಲಿಫೈಯರಿನಲ್ಲಿ ಎರಡು ಜೋಡಿಗೂ ಜಾಗವಿತ್ತು, ಒಂದು ಗುಂಡಿ ತಿರುಗಿಸಿದರೆ ಇದು, ಇನ್ನೊಂದು ಕಡೆಗೆ ಅದು. ದನಿ ಸಮನಾಗಲು ವಾಲ್ಯೂಮ್ ಗುಂಡಿ ಎಲ್ಲಿ ನಿಲ್ಲಬೇಕೆಂದು ಮಗಳು ಅಳೆದು ಸೀಮೆಸುಣ್ಣದಲ್ಲಿ 'ಅ', 'ಆ' ಎಂದು ಗುರುತು ಹಾಕಿದಳು. ಪಂಚೆಯ ಹಿಂದೆ ಅಮ್ಮ. ಪಾವಿನಲ್ಲಿ ಹದಿನಾರು ಚೀಟಿ. ಅಮ್ಮ ಒಂದೊಂದನ್ನೇ ಎತ್ತಿ, ಬಂದದ್ದನ್ನು ನುಡಿಸಿ, ಯಾವುದೆಂದು ಯಾರಿಗೂ ಹೇಳದೆ ಪಟ್ಟಿ ಮಾಡಬೇಕು. ಕೆಮ್ಮಕೂಡದು, ನಗಕೂಡದು. ಮುಂದೆ ಕೂತವರು ದುಬಾರಿಯದೋ ಅಗ್ಗದ್ದೋ ಎಂದು ಬರೆದು ಹತ್ತಕ್ಕೆ ಅಂಕ ಕೊಡಬೇಕು.

ಹದಿನಾರು ಏಕೆ ಎಂದು ಮೇಷ್ಟ್ರಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದವನಿಗೂ ಎಂಟು ಸರಿ ಬರುತ್ತದೆ. ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಬರೀ ಅದೃಷ್ಟದಿಂದ ಬರುವ ಸಂಭವ ನೂರಕ್ಕೆ ನಾಲ್ಕಕ್ಕೂ ಕಡಿಮೆ. ಅವರು ಅದನ್ನು ಕಾಫಿ ಲೋಟದ ಪಕ್ಕದಲ್ಲೇ ಗುಣಿಸಿ ತೋರಿಸಿದರು.

ಮೊದಲು ಮೇಷ್ಟ್ರು. ಸೋಫಾದ ನಡುವೆ ಕೂತು, ತೊಡೆಯ ಮೇಲೆ ಹಳೆಯ ಅಂಕಪಟ್ಟಿ ಪುಸ್ತಕ ಇಟ್ಟುಕೊಂಡು, ಕೆಂಪು ಪೆನ್ನು ಹಿಡಿದು ಕೇಳಿದರು. ಆಮೇಲೆ ಮಗಳು. ಇಬ್ಬರದೂ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಒಂದೂವರೆ. ಅಮ್ಮ ಪಂಚೆಯ ಹಿಂದಿನಿಂದ ಬೆವರು ಒರೆಸಿಕೊಳ್ಳುತ್ತ ಪಟ್ಟಿ ಹಿಡಿದು ಬಂದಳು.

ಮೇಷ್ಟ್ರಿಗೆ ಹದಿನಾರಕ್ಕೆ ಒಂಬತ್ತು. ಮಗಳಿಗೆ ಹದಿನಾಲ್ಕು.

ಅಮ್ಮನಿಗೆ ಗೆದ್ದಷ್ಟು ಸಂತೋಷ. "ಒಂಬತ್ತು ಅಂದ್ರೆ ನಾಣ್ಯ ಚಿಮ್ಮಿದ ಹಾಗೇ ತಾನೆ? ಹಾಗಾದ್ರೆ ಎರಡೂ ಒಂದೇ. ಎರಡು ಲಕ್ಷದ ಅರವತ್ತೈದು ಸಾವಿರ ಉಳೀತು." ಮೇಷ್ಟ್ರೂ ನಕ್ಕರು. ಮಗಳು ನಗಲಿಲ್ಲ. ಎರಡೂ ಒಂದೇ ಆಗಿದ್ದರೆ ಅವಳಿಗೆ ಹದಿನಾಲ್ಕು ಬರಬಾರದಿತ್ತು. ಅವಳಿಗೆ ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸಿತ್ತು. ಗಾಯಕರ ದನಿಯಲ್ಲಲ್ಲ, ತಬಲಾದ ಅಂಚಿನ ಪೆಟ್ಟಿನಲ್ಲಿ, ತಂಬೂರಿ ಮಿಡಿದ ಮೇಲೆ ಉಳಿಯುವ ಆ ಮಿಣಮಿಣ ಹೊಳಪಿನಲ್ಲಿ.

ಅವಳು ಅಪ್ಪನ ಅಂಕಪಟ್ಟಿ ತೆಗೆದು ನೋಡಿದಳು. ಅದೇ ದುಬಾರಿ ಜೋಡಿಗೆ ಒಮ್ಮೆ ಒಂಬತ್ತು, ಒಮ್ಮೆ ಐದು, ಮತ್ತೆ ಎಂಟು. ಅಗ್ಗದ್ದಕ್ಕೂ ಹಾಗೆಯೇ. ಮೂವತ್ತಾರು ವರ್ಷ ಒಂದೇ ಉತ್ತರಕ್ಕೆ ಎರಡು ಬಗೆಯ ಅಂಕ ಕೊಡದಿದ್ದ ಕೈ ಅದು. ಅವಳಿಗೆ ತಾನು ಓದಿದ್ದೊಂದು ನೆನಪಾಗಿ ಹೊಟ್ಟೆಯಲ್ಲಿ ಏನೋ ಕದಲಿತು. ಕೆನಡಾದ ಒಟ್ಟಾವಾದಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಇಂಥ ಪರದೆಯ ಪರೀಕ್ಷೆಗಳನ್ನು ನಡೆಸಿ 1985ರಲ್ಲಿ ಬರೆದ ಪ್ರಬಂಧದಲ್ಲಿ, ಕೆಲವು ಕೇಳುಗರು ಒಂದೇ ಸ್ಪೀಕರಿಗೆ ಬೇರೆ ಬೇರೆ ಸಲ ಬೇರೆ ಬೇರೆ ಅಂಕ ಕೊಡುತ್ತಾರೆ ಎಂದು ತೋರಿಸಿದ್ದರು. ಯಾರು ಅವರು ಎಂದು ಹುಡುಕಿದರೆ, ರಸಿಕತೆ ಕಡಿಮೆಯಾದವರಲ್ಲ. ಕಿವಿಯ ಶಕ್ತಿ ಕುಂದತೊಡಗಿದವರು. ಟೂಲ್ ತಾವೇ ಅರವತ್ತರ ಆಸುಪಾಸಿನಲ್ಲಿ ತಮ್ಮ ಅಂಕಗಳು ಹೀಗೆ ಅತ್ತಿತ್ತ ಆಗುವುದನ್ನು ಕಂಡು ಪರೀಕ್ಷಕರ ಸಾಲಿನಿಂದ ಎದ್ದುಬಿಟ್ಟರು.

ಹೇಳಬೇಕೋ ಬೇಡವೋ? ಊಟ ಮುಗಿಯುವವರೆಗೆ ಮಗಳು ಹೇಳಲಿಲ್ಲ. ಎರಡೂ ಒಂದೇ ಎಂದು ಅಮ್ಮನ ಮಾತಿಗೆ ಹೂಂಗುಟ್ಟಿದರೆ ದುಡ್ಡೂ ಉಳಿಯುತ್ತದೆ, ಗೋಡೆಗೆ ಬಣ್ಣವೂ ಆಗುತ್ತದೆ, ಅಪ್ಪನಿಗೆ ಬೇಜಾರೂ ಇಲ್ಲ. ಮಕ್ಕಳ ಕಿವಿ, ಕಣ್ಣು, ಮಾರ್ಕ್ಸ್‌ಕಾರ್ಡುಗಳನ್ನು ತಂದೆತಾಯಿ ನೋಡುವುದು ಸಹಜ. ತಂದೆಯ ಫಲಿತಾಂಶ ಮಗಳ ಕೈಗೆ ಬಂದರೆ ಏನು ಮಾಡಬೇಕೆಂದು ಯಾವ ಪಠ್ಯದಲ್ಲೂ ಇಲ್ಲ.

ಕೊನೆಗೆ ಅವಳು ಆಟದ ಹಾಗೆ ತೆಗೆದಳು. "ಇನ್ನೊಂದು ಟೆಸ್ಟ್ ಅಪ್ಪ, ಸಣ್ಣದು. ಒಂದು ಸ್ವರ ಹಾಕ್ತೀನಿ, ಕೇಳಿಸಿದ ತಕ್ಷಣ ಬೆರಳೆತ್ತಿ." 1,000 ಹರ್ಟ್ಸ್, ಬೆರಳು ಎದ್ದಿತು. 4,000, ಎದ್ದಿತು. 8,000ಕ್ಕೆ ಸ್ವಲ್ಪ ತಡವಾಗಿ, ಅನುಮಾನದಿಂದ, ಅರ್ಧ ಎದ್ದಿತು. ಆಮೇಲೆ ಮೇಷ್ಟ್ರು ಕಣ್ಣು ಮುಚ್ಚಿ ಬೆರಳನ್ನು ಸಿದ್ಧವಾಗಿಟ್ಟುಕೊಂಡು ಕಾಯತೊಡಗಿದರು. ಅಡುಗೆಮನೆಯಿಂದ ಅಮ್ಮ, "ಏನದು ಕಿರ್ ಅಂತ, ನಿಲ್ಲಿಸೇ, ಕಿವಿ ಕೊರೀತಿದೆ" ಎಂದು ಕೂಗಿದಳು.

ಮೇಷ್ಟ್ರು ಕಣ್ಣು ಬಿಟ್ಟರು. "ಶುರು ಮಾಡಿದ್ಯಾ?"

10,000 ಹರ್ಟ್ಸ್ ಅರ್ಧ ನಿಮಿಷದಿಂದ ನುಡಿಯುತ್ತಲೇ ಇತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊದಲು ಮಾತಾಡಿದವರು ಮೇಷ್ಟ್ರೇ. "ಎಡಿಸನ್ನೂ ಕಿವುಡನೇ ಅಲ್ವಾ? ಫೋನೋಗ್ರಾಫಿನ ಮರ ಕಚ್ಚಿಕೊಂಡು ಹಲ್ಲಿನಲ್ಲಿ ಕೇಳ್ತಿದ್ದನಂತೆ. ತನ್ನ ಕಂಪನಿಗೆ ಯಾರು ಹಾಡಬೇಕು ಅಂತಾನೂ ಅವನೇ ಆರಿಸ್ತಿದ್ದ. ನಾನೂ ಕಚ್ಚಿ ನೋಡಲಾ?" ಬಾಗಿಲಿಗೆ ಬಂದು ನಿಂತಿದ್ದ ಅಮ್ಮ, "ಮೂರೂವರೆ ಲಕ್ಷದ್ದಕ್ಕೆ ಹಲ್ಲು ಊರಬೇಡಿ, ವಾಪಸ್ಸು ತಗೊಳ್ಳಲ್ಲ" ಎಂದಳು. ಮೂವರೂ ನಕ್ಕರು, ಬೇಕಾದ್ದಕ್ಕಿಂತ ಜೋರಾಗಿ.

ರಾತ್ರಿ ಮೇಷ್ಟ್ರು ಬೇರೆಯದನ್ನೇ ಕೇಳಿದರು. "ಈ ಮೇಲಿನ ಸ್ವರ ಹೋದ್ರೆ, ಮಾತಿನಲ್ಲಿ ಏನು ಹೋಗತ್ತೆ?" ಮಗಳು ಹೇಳಿದಳು. ಅ, ಆ, ಓ ಎಂಬ ಸ್ವರಗಳು ತಗ್ಗಿನಲ್ಲಿರುತ್ತವೆ, ಉಳಿಯುತ್ತವೆ. ಸ, ಶ, ತ, ಚ ಇವುಗಳ ಗುರುತು ಮೇಲಿನ ಕಂಪನಗಳಲ್ಲಿ, ಅವು ಮಸುಕಾಗುತ್ತವೆ. ಮಾತು ಕೇಳಿಸುತ್ತದೆ, ಆದರೆ ಎದುರಿನವರು ಬಾಯೊಳಗೇ ಗೊಣಗುತ್ತಿದ್ದಾರೆ ಅನ್ನಿಸುತ್ತದೆ.

ಮೇಷ್ಟ್ರಿಗೆ ತಮ್ಮ ಕೊನೆಯ ವರ್ಷದ ಒಂಬತ್ತನೇ ತರಗತಿ ನೆನಪಾಯಿತು. ಹಿಂದಿನ ಬೆಂಚಿನ ಒಂದು ಹುಡುಗಿ. ಪ್ರಶ್ನೆಗೆ ಎದ್ದು ನಿಂತು ಉತ್ತರ ಹೇಳಿದಳು. "ಬಾಯಿಬಿಟ್ಟು ಹೇಳು" ಎಂದರು. ಮತ್ತೆ ಹೇಳಿದಳು. "ಮೂರು ಹೊತ್ತು ಊಟ ಮಾಡಲ್ವಾ? ಗಟ್ಟಿಯಾಗಿ!" ಮೂರನೆಯ ಸಲ ಹೇಳಿ ಕೂತು ಅತ್ತಳು. ಆರೋ ಏಳೋ ಎಂದು ಅವರಿಗೆ ಕೊನೆಗೂ ತಿಳಿದಿರಲಿಲ್ಲ, ತಪ್ಪು ಎಂದಿದ್ದರು. ಈಗ ಹಾಸಿಗೆಯಲ್ಲಿ ಕೂತು ಅದನ್ನು ಹೆಂಡತಿಗೆ ಹೇಳಿ, "ಅವಳು ಗಟ್ಟಿಯಾಗೇ ಹೇಳಿದ್ದಳು ಅನ್ಸತ್ತೆ" ಎಂದರು. ಆ ಹುಡುಗಿ ಈಗ ಎಲ್ಲಿ ಓದುತ್ತಿದ್ದಾಳೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೂರನೆಯ ದಿನ ಮಗಳು ಅವರನ್ನು ಮಾನಸಗಂಗೋತ್ರಿಗೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಳು. 1965ರಿಂದ ಊರಿನಲ್ಲೇ ಇದೆ, ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಮೇಷ್ಟ್ರು ಅದರ ಮುಂದೆ ಸಾವಿರ ಸಲ ಸ್ಕೂಟರಿನಲ್ಲಿ ಹೋಗಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ದನಿ ಹೊಕ್ಕದ ಪುಟ್ಟ ಕೋಣೆ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಒಂದು ಗುಂಡಿ. 250 ಹರ್ಟ್ಸ್‌ನಿಂದ 8,000ದವರೆಗೆ. ಹೊರಬಂದಾಗ ಒಂದು ಗ್ರಾಫು ಕೈಗೆ ಕೊಟ್ಟರು. ಎಡದಲ್ಲಿ ಸಮತಟ್ಟು, 2,000 ದಾಟಿದ ಮೇಲೆ ಚಾಮುಂಡಿ ಬೆಟ್ಟದ ಮೆಟ್ಟಿಲ ಹಾಗೆ ಇಳಿಯುತ್ತ ಹೋದ ಗೆರೆ. ವಯಸ್ಸಿನಿಂದ ಬರುವ ಇಳಿತ ಇಂಥದೇ; ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಹೋದರೆ ತಿರುಗಿ ಬೆಳೆಯುವುದಿಲ್ಲ. ಶ್ರವಣಯಂತ್ರದಿಂದ ಮಾತಿಗೆ ಒಳ್ಳೆಯ ಸಹಾಯವಾಗುತ್ತದೆ, ಸಂಗೀತಕ್ಕೆ ಬೇರೆ ಹೊಂದಿಕೆ ಬೇಕು, ರೂಢಿಯಾಗಲು ದಿನ ಹಿಡಿಯುತ್ತದೆ ಎಂದರು. ಮೇಷ್ಟ್ರು ಗ್ರಾಫಿನ ಇಳಿಜಾರನ್ನು ಉಗುರಿನಿಂದ ಅಳೆದು ನೋಡಿ ಮಡಿಸಿ ಜೇಬಿಗಿಟ್ಟರು.

ನಾಲ್ಕನೆಯ ದಿನ ಲೆಕ್ಕವಾಯಿತು. 85 ಸಾವಿರದ ಜೋಡಿ ಉಳಿಯುವುದು. ಉಳಿದ ದುಡ್ಡಿನಲ್ಲಿ ಶ್ರವಣಯಂತ್ರ, ಗೋಡೆಗೆ ಬಣ್ಣ. ಅಮ್ಮ ಬಣ್ಣದ ಪಟ್ಟಿ ತರಿಸಲು ಫೋನು ಮಾಡಿದಳು. ಮಗಳಿಗೆ ಬೇಜಾರಿತ್ತು, ಹದಿನಾಲ್ಕು ಅಂಕ ತೆಗೆದವಳು ಅವಳು, ದುಬಾರಿಯದು ನಿಜಕ್ಕೂ ಮೇಲಿತ್ತು. ಅದನ್ನು ಅವಳು ಹೇಳಲಿಲ್ಲ.

ಹೇಳದಿದ್ದರೂ ಮೇಷ್ಟ್ರಿಗೆ ತಿಳಿದಿತ್ತೆಂದು ಕಾಣುತ್ತದೆ. ಕೊನೆಯ ರಾತ್ರಿ, ಪೆಟ್ಟಿಗೆಗಳನ್ನು ರಟ್ಟಿಗೆ ತುಂಬುವ ಮೊದಲು, ಅವರು ಅಂಕಪಟ್ಟಿ ಪುಸ್ತಕ ಹಿಡಿದು ಬಂದು ಸೋಫಾದ ಮೇಲೆ ಕೂತರು. ಪಂಚೆ ಇನ್ನೂ ಕಟ್ಟಿಯೇ ಇತ್ತು. ಅಮ್ಮನಿಗೆ ಪಂಚೆಯ ಹಿಂದೆ ಹೋಗಲು ಹೇಳಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಮನ್ಸೂರರು ನನಗೆ ಕೇಳಿಸ್ತಾರೆ. ದನಿ ಪೂರ್ತಿ ಕೇಳಿಸತ್ತೆ. ಸುತ್ತ ಇರೋದನ್ನ ನೀನು ಹೇಳು. ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?"

ಎಲ್‌ಪಿ ತಿರುಗಿತು. ಅಮ್ಮ ಒಮ್ಮೆ ಗುಂಡಿ ತಿರುಗಿಸಿದಳು, ಮತ್ತೊಮ್ಮೆ ತಿರುಗಿಸಿದಳು. ಮಗಳು ಕಣ್ಣುಮುಚ್ಚಿ ಕೇಳುತ್ತ ಪದಕ್ಕೆ ತಡಕಾಡಿದಳು. ಹರ್ಟ್ಸ್ ಹೇಳಬಹುದಿತ್ತು. ಡೆಸಿಬೆಲ್ ಹೇಳಬಹುದಿತ್ತು.

"ಇದರಲ್ಲಿ ತಂಬೂರಿ ತಂತಿ ಇದ್ದಲ್ಲೇ ಇದೆ ಅಪ್ಪ. ಅದರಲ್ಲಿ... ಅದರಲ್ಲಿ ತಂಬೂರಿಯ ಸುತ್ತ..." ಎಂದು ತಡೆದಳು.

"ಹೇಳು, ಪರವಾಗಿಲ್ಲ."

"ಸುತ್ತ ಗಾಳಿ ಇದೆ."

ಮೇಷ್ಟ್ರು ನಗಲಿಲ್ಲ. ಕೆಂಪು ಪೆನ್ನು ತೆಗೆದು, ಪುಸ್ತಕದಲ್ಲಿ ಆ ದಿನದ ತಾರೀಖಿನ ಕೆಳಗೆ ಅದನ್ನು ಬರೆದುಕೊಂಡರು. "ಎಷ್ಟಿದೆ?" ಎಂದು ಕೇಳಿದರು.